ಬೆಳೆಕೋಣೆಯ ದೀಪಗಳಿಗೆ ಟೈಮರ್ ಮತ್ತು ಕಾಂಟ್ಯಾಕ್ಟರ್: ಸುರಕ್ಷತೆ ಹಾಗೂ ವೆಚ್ಚದ ವಿಚಾರ

ಕೊಠಡಿಯೊಳಗೆ ಕೃತಕ ಬೆಳಕಿನಲ್ಲಿ ಸಸಿ ಬೆಳೆಸುವುದು ಕರ್ನಾಟಕದಲ್ಲಿ ಇಂದು ಹೊಸ ವಿಷಯವಾಗಿ ಉಳಿದಿಲ್ಲ. ಗ್ರ್ಯಾಂಡ್ ನೈನ್ ಬಾಳೆಯ ಸಸಿಗಳನ್ನು ಒದಗಿಸುವ ಅಂಗಾಂಶ ಕೃಷಿ ಪ್ರಯೋಗಾಲಯಗಳು, ಮಣ್ಣಿಲ್ಲದೆ ಲೆಟ್ಯೂಸ್ ಮೊದಲಾದ ಸೊಪ್ಪುಗಳನ್ನು ಬೆಳೆಯುವ ಘಟಕಗಳು ಮತ್ತು ಪಾಲಿಹೌಸ್‌ಗಳಲ್ಲಿ ಸೇವಂತಿಗೆ ಬೆಳೆಯುವ ಪುಷ್ಪೋದ್ಯಮಿಗಳು ದೀಪದ ಬೆಳಕನ್ನು ಕಚ್ಚಾ ಸಾಮಗ್ರಿಯಂತೆಯೇ ಬಳಸುತ್ತಾರೆ. ಇವರಲ್ಲಿ ಬಹುಪಾಲು ಸಣ್ಣ ಉದ್ಯಮಿಗಳು. ಕೊಠಡಿ, ಹವಾನಿಯಂತ್ರಕ, ದೀಪದ ಕಪಾಟು ಇವುಗಳಿಗೆ ಲಕ್ಷಗಟ್ಟಲೆ ಹಣ ತೊಡಗಿಸುವ ಉದ್ಯಮಿ, ಆ ದೀಪಗಳನ್ನು ಹೊತ್ತಿಸಿ ಆರಿಸುವ ವ್ಯವಸ್ಥೆಗೆ ಬಂದಾಗ ಮಾತ್ರ ಅಂಗಡಿಯಲ್ಲಿ ದೊರೆಯುವ ಒಂದು ಟೈಮರ್ ತಂದು ಗೋಡೆಗೆ ಕೂರಿಸಿ ಸುಮ್ಮನಾಗುವುದುಂಟು.

ಈ ಮಿತವ್ಯಯ ಹಲವು ವೇಳೆ ದುಬಾರಿಯಾಗಿ ಪರಿಣಮಿಸುತ್ತದೆ. ಟೈಮರ್ ಸಮಯ ತಿಳಿಸುವ ಸಾಧನ. ನೂರಾರು ದೀಪಗಳ ವಿದ್ಯುತ್ ಭಾರವನ್ನು ಹೊರಲು ಅದನ್ನು ನಿರ್ಮಿಸಿರುವುದಿಲ್ಲ. ಭಾರ ಹೊರುವುದು ಕಾಂಟ್ಯಾಕ್ಟರ್ ಎಂಬ ಬೇರೊಂದು ಸಾಧನದ ಕೆಲಸ. ಈ ಎರಡು ಕೆಲಸಗಳನ್ನು ಏಕೆ ಬೇರ್ಪಡಿಸಬೇಕು, ಬೇರ್ಪಡಿಸುವಾಗ ಯಾವ ಅಂಶಗಳನ್ನು ಗಮನಿಸಬೇಕು ಮತ್ತು ಇದರ ಲೆಕ್ಕಾಚಾರವೇನು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಸಮಯ ತಪ್ಪಿದರೆ ಆಗುವ ನಷ್ಟ

ಸಸ್ಯಗಳಿಗೆ ಬೆಳಕು ಎಷ್ಟು ಮುಖ್ಯವೋ ಕತ್ತಲೆಯ ಅವಧಿಯೂ ಅಷ್ಟೇ ಮುಖ್ಯ. ಹಗಲು ರಾತ್ರಿಗಳ ಅವಧಿಯನ್ನು ಅನುಸರಿಸಿ ಸಸ್ಯಗಳು ಹೂ ಬಿಡುತ್ತವೆ ಎಂಬುದನ್ನು ಅಮೆರಿಕದ ವಿಜ್ಞಾನಿಗಳಾದ ಗಾರ್ನರ್ ಮತ್ತು ಅಲಾರ್ಡ್ 1920ರಲ್ಲಿ ಪ್ರಕಟಿಸಿದರು. ಅಂಗಾಂಶ ಕೃಷಿ ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿ ದಿನಕ್ಕೆ 16 ಗಂಟೆ ಬೆಳಕು, 8 ಗಂಟೆ ಕತ್ತಲೆ ಎಂಬ ಕ್ರಮವಿದ್ದು, ಕೊಠಡಿಯ ಉಷ್ಣತೆಯನ್ನು 25 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಕಾಯ್ದುಕೊಳ್ಳಲಾಗುತ್ತದೆ.

ಸೇವಂತಿಗೆಯ ವಿಷಯದಲ್ಲಿ ಇದು ನೇರವಾಗಿ ಮಾರುಕಟ್ಟೆಯ ಪ್ರಶ್ನೆ. ಸೇವಂತಿಗೆ ದೀರ್ಘ ರಾತ್ರಿಗಳಲ್ಲಿ ಮೊಗ್ಗು ಕಟ್ಟುವ ಗಿಡ. ಬೆಂಗಳೂರಿನಲ್ಲಿ ವರ್ಷದ ಅತಿ ದೀರ್ಘ ಹಗಲೂ 13 ಗಂಟೆಯನ್ನು ಮುಟ್ಟುವುದಿಲ್ಲ. ಆದ್ದರಿಂದ ಇಲ್ಲಿ ಗಿಡ ಸಾಕಷ್ಟು ಎತ್ತರಕ್ಕೆ ಬೆಳೆಯುವ ಮುನ್ನವೇ ಮೊಗ್ಗಿಗೆ ತಿರುಗುವ ಸಂಭವವಿದೆ. ಅದನ್ನು ತಡೆಯಲು ನಡುರಾತ್ರಿ ಕೆಲವು ಗಂಟೆ, ಉದಾಹರಣೆಗೆ ರಾತ್ರಿ 10ರಿಂದ 2ರವರೆಗೆ, ದೀಪ ಹೊತ್ತಿಸಿ ದೀರ್ಘ ರಾತ್ರಿಯನ್ನು ಎರಡಾಗಿ ತುಂಡರಿಸಲಾಗುತ್ತದೆ. ಹಬ್ಬದ ವಾರಕ್ಕೆ ಹೂ ಬರಬೇಕೆಂದು ಲೆಕ್ಕ ಹಾಕಿದ ತೋಟದಲ್ಲಿ ಕೆಲವು ರಾತ್ರಿ ದೀಪ ಹೊತ್ತದೆ ಹೋದರೆ ಕುಳ್ಳ ಕಾಂಡದ ಹೂ ಬೇಗನೆ ಬಂದು, ಬೆಲೆ ಇಲ್ಲದ ದಿನ ಮಾರುಕಟ್ಟೆ ಸೇರುತ್ತದೆ.

ಕೆಲಸಗಾರರು ನೆನಪಿನಿಂದ ಗುಂಡಿ ಒತ್ತುವ ವ್ಯವಸ್ಥೆ ಈ ಕಾರಣಕ್ಕೇ ಸಾಲದು. ಟೈಮರ್ ಬೇಕೇ ಬೇಕು. ಪ್ರಶ್ನೆಯಿರುವುದು ಟೈಮರ್ ಯಾವ ಕೆಲಸ ಮಾಡಬೇಕೆಂಬುದರಲ್ಲಿ.

ಟೈಮರ್ ಮೇಲಿನ 16 ಆಂಪಿಯರ್ ಅಂಕಿಯ ಅರ್ಥ

ಮಾರುಕಟ್ಟೆಯಲ್ಲಿ ದೊರೆಯುವ ಹಲವು ಡಿಜಿಟಲ್ ಟೈಮರ್‌ಗಳ ಮೇಲೆ 250 ವೋಲ್ಟ್, 16 ಆಂಪಿಯರ್ ಎಂದು ಮುದ್ರಿಸಿರುತ್ತದೆ. ಸಾಮಾನ್ಯವಾಗಿ ಈ ಅಂಕಿ ರೋಧಕ ಭಾರಕ್ಕೆ, ಅಂದರೆ ನೀರು ಕಾಯಿಸುವ ಹೀಟರ್‌ನಂತಹ ಸರಳ ಭಾರಕ್ಕೆ ಅನ್ವಯಿಸುತ್ತದೆ. ದೀಪಗಳು ಹಾಗಿರುವುದಿಲ್ಲ. ಎಲ್‌ಇಡಿ ದೀಪದ ಒಳಗೆ ಡ್ರೈವರ್ ಎಂಬ ಎಲೆಕ್ಟ್ರಾನಿಕ್ ಮಂಡಲವಿದ್ದು, ಅದರಲ್ಲಿ ಕೆಪಾಸಿಟರ್ ಇರುತ್ತದೆ. ದೀಪ ಹೊತ್ತಿಸಿದ ಕ್ಷಣದಲ್ಲಿ ಖಾಲಿಯಾಗಿರುವ ಈ ಕೆಪಾಸಿಟರ್ ಒಮ್ಮೆಗೇ ತುಂಬಿಕೊಳ್ಳಲು ಹವಣಿಸುತ್ತದೆ. ಆ ಪ್ರವಾಹ ಒಂದು ಮಿಲಿ ಸೆಕೆಂಡಿಗಿಂತಲೂ ಕಡಿಮೆ ಕಾಲ ಹರಿಯುವುದಾದರೂ, ದೀಪದ ಸಾಮಾನ್ಯ ಪ್ರವಾಹದ ಹಲವಾರು ಪಟ್ಟು ಇರುತ್ತದೆ.

20 ವಾಟ್‌ನ ಎಲ್‌ಇಡಿ ಟ್ಯೂಬ್ ಚಾಲನೆಯಲ್ಲಿರುವಾಗ ಎಳೆಯುವ ಪ್ರವಾಹ 0.1 ಆಂಪಿಯರ್‌ನಷ್ಟು ಮಾತ್ರ. ಆದರೆ ಹೊತ್ತಿಸಿದ ಕ್ಷಣದಲ್ಲಿ ಒಂದೊಂದು ಡ್ರೈವರ್ 10 ಆಂಪಿಯರ್ ಎಳೆಯುತ್ತದೆಂದು ಇಟ್ಟುಕೊಂಡರೂ, 50 ಟ್ಯೂಬ್‌ಗಳು ಸೇರಿ ಕಾಗದದ ಲೆಕ್ಕದಲ್ಲಿ 500 ಆಂಪಿಯರ್ ಆಗುತ್ತದೆ. ತಂತಿಯ ರೋಧದಿಂದ ಇದು ಸಾಕಷ್ಟು ಕುಗ್ಗುವುದಾದರೂ ಟೈಮರ್ ಒಳಗಿನ ಪುಟ್ಟ ಸಂಪರ್ಕ ಬಿಂದುಗಳಿಗೆ ಉಳಿದ ಪ್ರವಾಹವೂ ಅಧಿಕವೇ. ದಿನದಿನವೂ ಈ ಪೆಟ್ಟು ಬಿದ್ದು ಸಂಪರ್ಕ ಬಿಂದುಗಳು ಕರಗಿ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ.

ಬೆಸೆದುಕೊಂಡ ಟೈಮರ್‌ನ ಅಪಾಯವೆಂದರೆ ಅದು ಕೆಟ್ಟಂತೆ ಕಾಣುವುದಿಲ್ಲ. ಗಡಿಯಾರ ಸರಿಯಾಗಿ ನಡೆಯುತ್ತಿರುತ್ತದೆ, ಪರದೆಯ ಮೇಲೆ 'ಆಫ್' ಎಂದೇ ತೋರಿಸುತ್ತದೆ. ಆದರೆ ದೀಪಗಳು ಉರಿಯುತ್ತಲೇ ಇರುತ್ತವೆ. ಬಾಗಿಲು ಮುಚ್ಚಿದ ಬೆಳೆಕೋಣೆಯಲ್ಲಿ ರಾತ್ರಿಯೆಲ್ಲ ಇದು ಯಾರ ಗಮನಕ್ಕೂ ಬಾರದೆ ಹೋಗಬಹುದು. ಸಂಪರ್ಕ ಬಿಂದು ಪೂರ್ತಿ ಬೆಸೆಯದೆ ಅರೆಬರೆ ಕೂಡಿಕೊಂಡರೆ ಅಲ್ಲಿ ಶಾಖ ಹೆಚ್ಚಿ ಪ್ಲಾಸ್ಟಿಕ್ ಕವಚ ಸುಡಲಾರಂಭಿಸುತ್ತದೆ. ಇಂತಹ ಸಣ್ಣ ಶಾಖವೇ ಬೆಂಕಿಯಾಗಿ ಹರಡಬಲ್ಲದು.

ಕಾಂಟ್ಯಾಕ್ಟರ್ ಮಾಡುವ ಕೆಲಸ

ಕೊಳವೆಬಾವಿಯ ಪಂಪಿನ ಸ್ಟಾರ್ಟರ್ ಪೆಟ್ಟಿಗೆಯನ್ನು ತೆರೆದು ನೋಡಿದವರಿಗೆ ಕಾಂಟ್ಯಾಕ್ಟರ್ ಅಪರಿಚಿತವಲ್ಲ. ಹಸಿರು ಗುಂಡಿ ಒತ್ತಿದೊಡನೆ 'ಟಕ್' ಎಂಬ ಸದ್ದಿನೊಂದಿಗೆ ಒಳಗೆ ಸೇರಿಕೊಳ್ಳುವ ಭಾಗವೇ ಅದು. ಅದರಲ್ಲಿ ಒಂದು ಕಾಯಿಲ್ ಇರುತ್ತದೆ. ಕಾಯಿಲ್‌ಗೆ ವಿದ್ಯುತ್ ದೊರೆತಾಗ ಅದು ಅಯಸ್ಕಾಂತವಾಗಿ ದಪ್ಪನೆಯ ಸಂಪರ್ಕ ಬಿಂದುಗಳನ್ನು ಸೆಳೆದು ಕೂಡಿಸುತ್ತದೆ; ವಿದ್ಯುತ್ ಹೋದೊಡನೆ ಸ್ಪ್ರಿಂಗ್ ಅವುಗಳನ್ನು ಬೇರ್ಪಡಿಸುತ್ತದೆ. ದೀಪಗಳ ಭಾರವೆಲ್ಲ ಈ ಬಿಂದುಗಳ ಮೂಲಕ ಹರಿಯುತ್ತದೆ. ಟೈಮರ್ ಕಾಯಿಲ್‌ಗೆ ಮಾತ್ರ ವಿದ್ಯುತ್ ನೀಡಿದರೆ ಸಾಕು. ಬೆಳೆಕೋಣೆಗೆ ಬಳಸುವ ಅಳತೆಯ ಕಾಂಟ್ಯಾಕ್ಟರ್‌ನ ಕಾಯಿಲ್ ಹಿಡಿದಿಟ್ಟುಕೊಳ್ಳಲು ಬೇಕಾಗುವ ಪ್ರವಾಹ ಒಂದು ಆಂಪಿಯರ್‌ಗಿಂತ ಬಹಳ ಕಡಿಮೆ.

ಇದು ವ್ಯಾಪಾರಸ್ಥರಿಗೆ ತಿಳಿದಿರುವ ತತ್ವವೇ. ಸುವ್ಯವಸ್ಥಿತ ಸಂಸ್ಥೆಯಲ್ಲಿ ಪಾವತಿಗೆ ಮಂಜೂರಾತಿ ನೀಡುವವರು, ನಗದು ನಿರ್ವಹಿಸುವವರು, ಲೆಕ್ಕ ತಾಳೆ ನೋಡುವವರು ಬೇರೆಬೇರೆ ಇರುತ್ತಾರೆ. ಬೆಳೆಕೋಣೆಯಲ್ಲಿ ಟೈಮರ್ ಆದೇಶ ನೀಡುತ್ತದೆ, ಕಾಂಟ್ಯಾಕ್ಟರ್ ಭಾರ ಹೊರುತ್ತದೆ, ಎಂಸಿಬಿ ಮತ್ತು ಆರ್‌ಸಿಸಿಬಿ ಕಾವಲು ಕಾಯುತ್ತವೆ. ತಾಳೆ ನೋಡುವ ಕೆಲಸ ಅವರ್ ಮೀಟರ್‌ನದು. ಅದರ ವಿಷಯ ಮುಂದೆ ಬರುತ್ತದೆ.

ಕಾಂಟ್ಯಾಕ್ಟರ್ ಕೊಳ್ಳುವಾಗಲೂ ಮೇಲೆ ಮುದ್ರಿಸಿದ ಒಂದೇ ಅಂಕಿಯನ್ನು ನೆಚ್ಚಬಾರದು. ಐಎಸ್/ಐಇಸಿ 60947-4-1 ಮಾನಕದಲ್ಲಿ ಭಾರದ ಸ್ವಭಾವಕ್ಕೆ ತಕ್ಕಂತೆ ವರ್ಗಗಳಿವೆ. ಎಸಿ-1 ಹೀಟರ್‌ನಂತಹ ಭಾರಕ್ಕೆ, ಎಸಿ-3 ಮೋಟಾರುಗಳಿಗೆ, ಎಸಿ-5ಎ ಟ್ಯೂಬ್‌ಲೈಟ್ ಹಾಗೂ ಸೋಡಿಯಂ ದೀಪಗಳಂತಹ ಡಿಸ್ಚಾರ್ಜ್ ದೀಪಗಳಿಗೆ, ಎಸಿ-5ಬಿ ಹಳೆಯ ತಂತು ಬಲ್ಬುಗಳಿಗೆ ಅನ್ವಯಿಸುತ್ತವೆ. ಒಂದೇ ಕಾಂಟ್ಯಾಕ್ಟರ್‌ಗೆ ವರ್ಗಕ್ಕೊಂದು ಆಂಪಿಯರ್ ಅಂಕಿ ಇರುತ್ತದೆ. ಅವುಗಳಲ್ಲಿ ದೊಡ್ಡದು ಸಾಮಾನ್ಯವಾಗಿ ಎಸಿ-1 ಅಂಕಿ. ಅದೊಂದನ್ನೇ ನೋಡಿ ದೀಪಗಳಿಗೆ ಬಳಸುವುದು ತಪ್ಪು. ಎಲ್‌ಇಡಿ ದೀಪಗಳಾದರೆ, ಒಂದು ಪೋಲ್ ಮೇಲೆ ಎಷ್ಟು ಡ್ರೈವರ್‌ಗಳನ್ನು ಹಾಕಬಹುದು ಎಂಬ ವಿವರವನ್ನು ತಯಾರಕರಿಂದ ಲಿಖಿತವಾಗಿ ಪಡೆಯುವುದು ಸೂಕ್ತ.

ಹಳೆಯ ಪಂಪ್ ಸ್ಟಾರ್ಟರ್‌ನ ಕಾಂಟ್ಯಾಕ್ಟರನ್ನು ಬಿಚ್ಚಿ ಬಳಸುವ ಪರಿಪಾಠವೂ ಇದೆ. ಸವೆದ ಸಂಪರ್ಕ ಬಿಂದುಗಳ ಅಪಾಯದ ಜೊತೆಗೆ ಇನ್ನೊಂದು ತೊಡಕಿದೆ. ಮೂರು ಫೇಸ್ ಪಂಪ್ ಸ್ಟಾರ್ಟರ್‌ಗಳಲ್ಲಿ ಎರಡು ಫೇಸ್‌ಗಳ ನಡುವೆ ಕೆಲಸ ಮಾಡುವ 415 ವೋಲ್ಟ್ ಕಾಯಿಲ್ ಇರುವುದುಂಟು. ಟೈಮರ್ ಮೂಲಕ ದೊರೆಯುವ 230 ವೋಲ್ಟ್‌ಗೆ ಅದು ಸರಿಯಾಗಿ ಎಳೆಯುವುದಿಲ್ಲ. ಕಾಯಿಲ್ ಮೇಲಿನ ಅಂಕಿಯನ್ನು ಓದದೆ ಜೋಡಣೆ ಮಾಡಬಾರದು.

ಒಂದು ಉದಾಹರಣೆ: 200 ಟ್ಯೂಬ್‌ಗಳ ಕೊಠಡಿ

ಒಂದು ಪ್ರಯೋಗಾಲಯದ ಬೆಳೆಕೋಣೆಯಲ್ಲಿ 20 ವಾಟ್‌ನ 200 ಎಲ್‌ಇಡಿ ಟ್ಯೂಬ್‌ಗಳಿವೆ ಎಂದು ಭಾವಿಸೋಣ. ಒಟ್ಟು ಭಾರ 4 ಕಿಲೋವಾಟ್. ಪವರ್ ಫ್ಯಾಕ್ಟರ್ 0.9 ಎಂದು ಹಿಡಿದರೆ, ಒಂದೇ ಫೇಸ್‌ನಲ್ಲಿ 19 ಆಂಪಿಯರ್‌ಗೂ ಮಿಕ್ಕಿ ಪ್ರವಾಹ ಹರಿಯುತ್ತದೆ. ಮೂರು ಫೇಸ್‌ಗಳಿಗೆ ಸಮನಾಗಿ ಹಂಚಿದರೆ ಫೇಸ್ ಒಂದಕ್ಕೆ ಸುಮಾರು 6.4 ಆಂಪಿಯರ್ ಆಗುತ್ತದೆ.

6.4 ಎಂಬುದು 16ಕ್ಕಿಂತ ಕಡಿಮೆ ಎಂದು ಸಮಾಧಾನಪಡುವಂತಿಲ್ಲ. ಮೊದಲನೆಯದಾಗಿ, ಒಂದೇ ಸಂಪರ್ಕವಿರುವ ಟೈಮರ್ ಒಂದು ಫೇಸ್ ಅನ್ನು ಮಾತ್ರ ನಿಯಂತ್ರಿಸಬಲ್ಲದು. ಎರಡನೆಯದಾಗಿ, ಪ್ರತಿ ಫೇಸ್ ಮೇಲೆ 66 ಅಥವಾ 67 ಡ್ರೈವರ್‌ಗಳ ಆರಂಭಿಕ ಪ್ರವಾಹ ಒಮ್ಮೆಗೇ ಬೀಳುತ್ತದೆ. ಇಲ್ಲಿ ಅನುಸರಿಸಬಹುದಾದ ವಿಧಾನ ಹೀಗಿದೆ. ದೀಪಗಳನ್ನು ತಲಾ 100ರ ಎರಡು ಗುಂಪುಗಳಾಗಿ ಮಾಡಿ, ಗುಂಪಿಗೊಂದರಂತೆ ಮೂರು ಪೋಲ್‌ಗಳ ಎರಡು ಕಾಂಟ್ಯಾಕ್ಟರ್‌ಗಳನ್ನು ಹಾಕಬೇಕು. ಟೈಮರ್ ಮೊದಲ ಕಾಂಟ್ಯಾಕ್ಟರ್‌ಗೆ ಆದೇಶ ನೀಡಿದ 30 ಸೆಕೆಂಡುಗಳ ನಂತರ ಎರಡನೆಯದು ಸೇರುವಂತೆ ಆನ್-ಡಿಲೇ ಟೈಮರ್ ಒಂದನ್ನು ಜೋಡಿಸಬೇಕು. ಪ್ರತಿ ಕಾಂಟ್ಯಾಕ್ಟರ್‌ನ ಪ್ರತಿ ಫೇಸ್‌ನಿಂದ ಎರಡೆರಡು ಸರ್ಕ್ಯೂಟ್‌ಗಳನ್ನು ತೆಗೆದರೆ ಒಟ್ಟು 12 ಸರ್ಕ್ಯೂಟ್‌ಗಳಾಗುತ್ತವೆ. ಒಂದೊಂದರಲ್ಲಿ 16 ಅಥವಾ 17 ಟ್ಯೂಬ್‌ಗಳು ಬರುತ್ತವೆ. ಒಂದು ಡ್ರೈವರ್ ಕೆಟ್ಟು ಎಂಸಿಬಿ ಬಿದ್ದರೆ ಕೊಠಡಿಯ ಹನ್ನೆರಡರಲ್ಲಿ ಒಂದು ಭಾಗ ಮಾತ್ರ ಕತ್ತಲಾಗುತ್ತದೆ. ಉಳಿದ ಸಸಿಗಳಿಗೆ ತೊಂದರೆಯಾಗುವುದಿಲ್ಲ.

ಜೋಡಣೆಯಲ್ಲಿ ಗಮನಿಸಬೇಕಾದ ಅಂಶಗಳು

1. ಎಂಸಿಬಿಯ ಆಯ್ಕೆ: ಎಂಸಿಬಿ ಇರುವುದು ಮೊದಲಿಗೆ ತಂತಿಯ ರಕ್ಷಣೆಗಾಗಿ. ಆದ್ದರಿಂದ ಅದರ ಆಂಪಿಯರ್ ಅಂಕಿ ತಂತಿಯ ಸಾಮರ್ಥ್ಯವನ್ನು ಮೀರಬಾರದು. ಬಿ ಮಾದರಿಯ ಎಂಸಿಬಿ ತನ್ನ ಅಂಕಿಯ 3ರಿಂದ 5 ಪಟ್ಟು, ಸಿ ಮಾದರಿ 5ರಿಂದ 10 ಪಟ್ಟು ಪ್ರವಾಹದಲ್ಲಿ ತಕ್ಷಣ ಬೀಳುತ್ತದೆ. ದೀಪಗಳ ಆರಂಭಿಕ ಪ್ರವಾಹಕ್ಕೆ ಸಾಮಾನ್ಯವಾಗಿ ಸಿ ಮಾದರಿ ಹೊಂದುತ್ತದೆ. ಎಂಸಿಬಿ ಪದೇ ಪದೇ ಬೀಳುತ್ತಿದ್ದರೆ ದೊಡ್ಡ ಎಂಸಿಬಿ ಹಾಕುವುದು ಪರಿಹಾರವಲ್ಲ. ಸರ್ಕ್ಯೂಟ್ ವಿಭಜಿಸುವುದೇ ಪರಿಹಾರ.

2. ಆರ್‌ಸಿಸಿಬಿ: ಬೆಳೆಕೋಣೆಯಲ್ಲಿ ತೇವ, ಲೋಹದ ಕಪಾಟು, ಒದ್ದೆ ಕೈ ಈ ಮೂರೂ ಇರುತ್ತವೆ. 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಇಲ್ಲಿ ಜೀವರಕ್ಷಕ. ಆದರೆ ಪ್ರತಿ ಡ್ರೈವರ್‌ನಿಂದಲೂ ಅತ್ಯಲ್ಪ ಪ್ರವಾಹ ಭೂಮಿಗೆ ಸೋರುವುದರಿಂದ, ಇಡೀ ಕೊಠಡಿಗೆ ಒಂದೇ ಆರ್‌ಸಿಸಿಬಿ ಹಾಕಿದರೆ ಕಾರಣವಿಲ್ಲದೆ ಬೀಳುವ ಸಂಭವವಿರುತ್ತದೆ. ಗುಂಪುಗಳಿಗೆ ಪ್ರತ್ಯೇಕ ಆರ್‌ಸಿಸಿಬಿ ಹಾಕಬೇಕು. ಮೇಲಿಂದ ಮೇಲೆ ಬೀಳುತ್ತದೆಂದು ಅದನ್ನು ತಪ್ಪಿಸಿ ನೇರ ತಂತಿ ಎಳೆಯುವುದು ಪ್ರಾಣಾಪಾಯಕ್ಕೆ ದಾರಿ.

3. ನ್ಯೂಟ್ರಲ್: ಮೂರು ಫೇಸ್ ಜೋಡಣೆಯಲ್ಲಿ ನ್ಯೂಟ್ರಲ್ ಸಡಿಲವಾದರೆ ಅಥವಾ ಕಡಿದುಹೋದರೆ, ಕಡಿಮೆ ಭಾರವಿರುವ ಫೇಸ್‌ನ ದೀಪಗಳ ಮೇಲೆ 230 ವೋಲ್ಟ್‌ಗಿಂತ ಬಹಳ ಹೆಚ್ಚಿನ ಒತ್ತಡ ಬಿದ್ದು ಡ್ರೈವರ್‌ಗಳು ಸಾಲಾಗಿ ಸುಟ್ಟುಹೋಗುತ್ತವೆ. ನ್ಯೂಟ್ರಲ್ ತಂತಿಯ ಗಾತ್ರ ಫೇಸ್ ತಂತಿಗಿಂತ ಕಡಿಮೆ ಇರಬಾರದು. ಎಲ್‌ಇಡಿ ಡ್ರೈವರ್‌ಗಳು ಉಂಟುಮಾಡುವ ಹಾರ್ಮೋನಿಕ್ ಪ್ರವಾಹಗಳ ಒಂದು ಭಾಗ ನ್ಯೂಟ್ರಲ್‌ನಲ್ಲಿ ಒಂದಕ್ಕೊಂದು ಕೂಡುವುದರಿಂದ ಈ ಎಚ್ಚರಿಕೆ ಇನ್ನೂ ಅಗತ್ಯ. ಫೇಸ್ ಹಾಗೆಯೇ ಉಳಿದು ನ್ಯೂಟ್ರಲ್ ಮಾತ್ರ ಕಡಿಯುವಂತೆ ಕಾಂಟ್ಯಾಕ್ಟರನ್ನು ಎಂದಿಗೂ ಜೋಡಿಸಬಾರದು.

4. ಪ್ಯಾನೆಲ್‌ನ ಸ್ಥಳ: ಕಾಂಟ್ಯಾಕ್ಟರ್ ಮತ್ತು ಟೈಮರ್ ಇರುವ ಪ್ಯಾನೆಲ್ ತೇವಭರಿತ ಕೊಠಡಿಯ ಹೊರಗಿರುವುದು ಒಳ್ಳೆಯದು. ಒಳಗೇ ಇಡಬೇಕಾದಲ್ಲಿ ತೇವ ನುಗ್ಗದ ಪೆಟ್ಟಿಗೆ ಬೇಕು. ಪೆಟ್ಟಿಗೆ ಹಾಗೂ ಲೋಹದ ಕಪಾಟುಗಳೆರಡಕ್ಕೂ ಅರ್ಥಿಂಗ್ ಇರಬೇಕು.

5. ಉಷ್ಣತೆಯ ಕಡಿವಾಣ: ಹವಾನಿಯಂತ್ರಕ ನಿಂತುಹೋಗಿ ದೀಪಗಳು ಉರಿಯುತ್ತಿದ್ದರೆ ಮುಚ್ಚಿದ ಕೊಠಡಿ ಬೇಗನೆ ಕಾಯುತ್ತದೆ. ಥರ್ಮೋಸ್ಟಾಟ್ ಒಂದನ್ನು ಕಾಯಿಲ್‌ನ ದಾರಿಯಲ್ಲಿ ಸರಣಿಯಾಗಿ ಜೋಡಿಸಿದರೆ, ನಿಗದಿತ ಉಷ್ಣತೆ ಮೀರಿದೊಡನೆ ಕಾಂಟ್ಯಾಕ್ಟರ್ ತಾನಾಗಿ ಬಿಟ್ಟುಕೊಂಡು ದೀಪಗಳು ಆರುತ್ತವೆ. ಟೈಮರ್ ಮೂಲಕವೇ ಭಾರ ಹರಿಸುವವರಿಗೆ ಇಂತಹ ಸೌಲಭ್ಯ ಸುಲಭವಾಗಿ ದೊರೆಯದು.

6. ದುರಸ್ತಿಯ ಸಮಯ: ಟೈಮರ್ 'ಆಫ್' ಇದೆ ಎಂಬುದು ವಿದ್ಯುತ್ ಇಲ್ಲ ಎಂಬುದಕ್ಕೆ ಖಾತರಿಯಲ್ಲ. ಕೆಲಸಗಾರ ಟ್ಯೂಬ್ ಬದಲಿಸುತ್ತಿರುವಾಗಲೇ ನಿಗದಿತ ಸಮಯ ಬಂದು ಕಾಂಟ್ಯಾಕ್ಟರ್ ಸೇರಿಕೊಳ್ಳಬಹುದು. ದುರಸ್ತಿಗೆ ಮುನ್ನ ಮುಖ್ಯ ಐಸೊಲೇಟರನ್ನು ಆರಿಸಿ, ಬೀಗ ಹಾಕಿ, 'ಕೆಲಸ ನಡೆಯುತ್ತಿದೆ' ಎಂಬ ಫಲಕ ತೂಗುಹಾಕಬೇಕು. ಬೀಗದ ಕೈ ಕೆಲಸಗಾರನ ಜೇಬಿನಲ್ಲೇ ಇರಬೇಕು.

ಈ ಕೆಲಸವನ್ನು ಪರವಾನಗಿ ಹೊಂದಿದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸಬೇಕು. 1956ರ ಭಾರತೀಯ ವಿದ್ಯುತ್ ನಿಯಮಗಳ ಸ್ಥಾನದಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ವಿನಿಯಮಗಳು ಬಂದವು. ಅವುಗಳ ಸ್ಥಾನದಲ್ಲಿ 2023ರ ವಿನಿಯಮಗಳು ಬಂದಿವೆ. ಗುತ್ತಿಗೆದಾರರಿಂದ ಸರ್ಕ್ಯೂಟ್ ನಕ್ಷೆ ಮತ್ತು ಪರೀಕ್ಷಾ ವರದಿಯನ್ನು ಪಡೆದು ಬಿಲ್ಲಿನೊಂದಿಗೆ ಕಡತದಲ್ಲಿಡಬೇಕು.

ವಿದ್ಯುತ್ ಕಡಿತ ಮತ್ತು ಕಡಿಮೆ ವೋಲ್ಟೇಜ್

ವಿದ್ಯುತ್ ಕಡಿತ ಸಾಮಾನ್ಯವಾಗಿರುವ ಕಡೆ ಟೈಮರ್‌ನ ಗಡಿಯಾರಕ್ಕೆ ಸ್ವಂತ ಬ್ಯಾಟರಿ ಇರಲೇಬೇಕು. ಬ್ಯಾಟರಿಯಿಲ್ಲದ ಮೋಟಾರು ಚಾಲಿತ ಟೈಮರ್ ವಿದ್ಯುತ್ ಹೋದಾಗ ನಿಂತು, ಬಂದಾಗ ನಿಂತಲ್ಲಿಂದಲೇ ಮುಂದುವರಿಯುತ್ತದೆ. ದಿನಕ್ಕೆ ಒಂದು ಗಂಟೆ ವಿದ್ಯುತ್ ಹೋದರೆ ಒಂದು ವಾರದಲ್ಲಿ ಅದು 7 ಗಂಟೆ ಹಿಂದೆ ಬೀಳುತ್ತದೆ. ನಡುರಾತ್ರಿ ಹೊತ್ತಬೇಕಾದ ಸೇವಂತಿಗೆಯ ದೀಪ ಬೆಳಗಿನ ಬಿಸಿಲಿನಲ್ಲಿ ಹೊತ್ತಿದರೆ ವಿದ್ಯುತ್ ವ್ಯಯವಾಗುತ್ತದೆಯೇ ಹೊರತು ಗಿಡಕ್ಕೆ ಅದರಿಂದ ಪ್ರಯೋಜನವಿಲ್ಲ.

ಕಡಿಮೆ ವೋಲ್ಟೇಜ್‌ನ ತೊಂದರೆ ಬೇರೆ ರೀತಿಯದು. ಮಾನಕದ ಪ್ರಕಾರ ಕಾಂಟ್ಯಾಕ್ಟರ್ ತನ್ನ ಕಾಯಿಲ್ ವೋಲ್ಟೇಜ್‌ನ ಶೇ. 85ರಿಂದ 110ರವರೆಗೆ ಸರಿಯಾಗಿ ಸೇರಿಕೊಳ್ಳಬೇಕು. 230 ವೋಲ್ಟ್ ಕಾಯಿಲ್‌ಗೆ ಈ ಕೆಳಮಿತಿ ಸುಮಾರು 195 ವೋಲ್ಟ್. ಅದಕ್ಕಿಂತ ಕೆಳಗಿಳಿದಾಗ ಕಾಂಟ್ಯಾಕ್ಟರ್ ಪೂರ್ತಿ ಸೇರದೆ ಗರಗರ ಸದ್ದು ಮಾಡುತ್ತ ಕೂಡಿ ಬಿಡುತ್ತಿರುತ್ತದೆ. ಆಗ ಸಂಪರ್ಕ ಬಿಂದುಗಳಲ್ಲಿ ಕಿಡಿ ಹಾರಿ ಅವು ಬೇಗ ಸವೆಯುತ್ತವೆ, ಬೆಸೆದುಕೊಳ್ಳಲೂಬಹುದು. ವೋಲ್ಟೇಜ್ ಮಿತಿ ತಪ್ಪಿದಾಗ ಅಥವಾ ಒಂದು ಫೇಸ್ ಹೋದಾಗ ಕಾಯಿಲ್‌ನ ವಿದ್ಯುತ್ತನ್ನು ಕಡಿದು, ಸರಿಹೋದ ಕೆಲವು ನಿಮಿಷಗಳ ನಂತರವೇ ಮತ್ತೆ ಒದಗಿಸುವ ರಿಲೇ ಹಾಕುವುದು ಇದಕ್ಕೆ ಪರಿಹಾರ. ಸೋಡಿಯಂ ದೀಪ ಬಳಸುವವರಿಗೂ ಈ ವಿಳಂಬ ಅಗತ್ಯ. ಬಿಸಿಯಾಗಿರುವ ಸೋಡಿಯಂ ದೀಪ ಆರಿದರೆ ತಣಿಯುವವರೆಗೆ ಮತ್ತೆ ಹೊತ್ತುವುದಿಲ್ಲ.

ತಿಂಗಳ ತಾಳೆ

ಕಾಂಟ್ಯಾಕ್ಟರ್ ಹಾಕಿದ ಮಾತ್ರಕ್ಕೆ ಎಲ್ಲವೂ ಮುಗಿಯಿತೆಂದಲ್ಲ. ವರ್ಷಗಳ ಬಳಕೆಯ ನಂತರ ಅದರ ಸಂಪರ್ಕ ಬಿಂದುಗಳೂ ಬೆಸೆದುಕೊಳ್ಳಬಹುದು. ಪ್ಯಾನೆಲ್‌ನಲ್ಲಿರುವ ಆಟೋ-ಆಫ್-ಮ್ಯಾನ್ಯುಯಲ್ ಸ್ವಿಚ್ಚನ್ನು ಯಾರೋ ಮ್ಯಾನ್ಯುಯಲ್‌ಗೆ ತಿರುಗಿಸಿ ಮರೆತಿರಬಹುದು. ಇದನ್ನು ಪತ್ತೆ ಹಚ್ಚಲು ಅವರ್ ಮೀಟರ್ ಎಂಬ ಸಣ್ಣ ಸಾಧನ ಸಾಕು. ಅದನ್ನು ಕಾಂಟ್ಯಾಕ್ಟರ್‌ನ ನಂತರ, ದೀಪಗಳ ತಂತಿಗೆ ಜೋಡಿಸಬೇಕು. ಕಾಯಿಲ್‌ಗೆ ಜೋಡಿಸಿದರೆ ಅದು ಆದೇಶವನ್ನು ಎಣಿಸುತ್ತದೆಯೇ ಹೊರತು ದೀಪ ಉರಿದ ಸಮಯವನ್ನಲ್ಲ.

ದಿನಕ್ಕೆ 16 ಗಂಟೆಯಂತೆ 30 ದಿನಗಳಿಗೆ 480 ಗಂಟೆಗಳಾಗಬೇಕು. ವಿದ್ಯುತ್ ಕಡಿತದ ಗಂಟೆಗಳನ್ನು ಕಳೆದರೆ ಅದಕ್ಕಿಂತ ಸ್ವಲ್ಪ ಕಡಿಮೆ ಬರಬಹುದು. ಮೀಟರ್ 720ರ ಆಸುಪಾಸು ತೋರಿಸಿದರೆ ದೀಪಗಳು ಆರಿಯೇ ಇಲ್ಲ ಎಂದರ್ಥ. 400ಕ್ಕಿಂತ ಕಡಿಮೆ ಬಂದರೆ ಕಡಿತದ ದಾಖಲೆಯೊಂದಿಗೆ ಹೋಲಿಸಿ ಕಾರಣ ಹುಡುಕಬೇಕು. ಸ್ಟಾಕ್ ಪರಿಶೀಲನೆಯ ದಿನವೇ ಈ ಅಂಕಿಯನ್ನೂ ಬರೆದುಕೊಳ್ಳುವ ಪದ್ಧತಿ ಇಟ್ಟುಕೊಂಡರೆ ಎರಡು ನಿಮಿಷದ ಕೆಲಸದಲ್ಲಿ ಒಂದು ತಿಂಗಳ ಬೆಳಕಿನ ಲೆಕ್ಕ ಸಿಗುತ್ತದೆ. ವಾರಕ್ಕೊಮ್ಮೆಯಾದರೂ ಕತ್ತಲೆಯ ಅವಧಿಯಲ್ಲಿ ಒಬ್ಬರು ಬಂದು ದೀಪಗಳು ನಿಜವಾಗಿ ಆರಿವೆಯೇ ಎಂದು ಹೊರಗಿನಿಂದಲೇ ನೋಡುವುದು ಅಗತ್ಯ. ಇದಕ್ಕಾಗಿ ಬಾಗಿಲಿನ ಹೊರಗೆ ಸೂಚಕ ದೀಪವೊಂದನ್ನು ಹಾಕಬಹುದು.

ವೆಚ್ಚದ ಲೆಕ್ಕ

ಮೇಲಿನ 200 ಟ್ಯೂಬ್‌ಗಳ ಕೊಠಡಿಯನ್ನೇ ತೆಗೆದುಕೊಳ್ಳೋಣ. ಲೆಕ್ಕದ ಸರಳತೆಗಾಗಿ ಯೂನಿಟ್ ಒಂದಕ್ಕೆ 8 ರೂಪಾಯಿ ಎಂದು ಇಟ್ಟುಕೊಳ್ಳಲಾಗಿದೆ. ಉದ್ಯಮಿಗಳು ತಮ್ಮ ಬಿಲ್ಲಿನ ದರವನ್ನು ಹಾಕಿ ನೋಡಿಕೊಳ್ಳಬೇಕು.

ದೀಪಗಳು ದಿನಕ್ಕೆ 2 ಗಂಟೆ ಅನಗತ್ಯವಾಗಿ ಉರಿದರೆ ತಿಂಗಳಿಗೆ 240 ಯೂನಿಟ್ ವ್ಯರ್ಥ. ದೀಪಗಳ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿ ಕೊಠಡಿಯಲ್ಲೇ ಉಳಿಯುವುದರಿಂದ ಅದನ್ನು ಹೊರಹಾಕಲು ಹವಾನಿಯಂತ್ರಕವೂ ದುಡಿಯಬೇಕು. ಒಂದು ಯೂನಿಟ್ ವಿದ್ಯುತ್ತಿನಿಂದ ಹವಾನಿಯಂತ್ರಕ 3 ಯೂನಿಟ್‌ನಷ್ಟು ಶಾಖ ಹೊರಹಾಕುತ್ತದೆಂದು ಭಾವಿಸಿದರೆ ಇನ್ನೂ 80 ಯೂನಿಟ್ ಸೇರುತ್ತದೆ. ಒಟ್ಟು 320 ಯೂನಿಟ್, ಅಂದರೆ ತಿಂಗಳಿಗೆ 2,560 ರೂಪಾಯಿ, ವರ್ಷಕ್ಕೆ 30,720 ರೂಪಾಯಿ. ಪ್ಯಾನೆಲ್ ತಯಾರಕರ ದರಪಟ್ಟಿಯನ್ನು ಈ ಮೊತ್ತದ ಪಕ್ಕದಲ್ಲಿಟ್ಟು ನೋಡಬೇಕು.

ಸಮಯಾಧಾರಿತ ದರ ಅನ್ವಯವಾಗುವ ಗ್ರಾಹಕರಿಗೆ ಇನ್ನೊಂದು ಅವಕಾಶವಿದೆ. ಕೇಂದ್ರ ಸರ್ಕಾರ 2023ರಲ್ಲಿ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ ತಂದ ತಿದ್ದುಪಡಿಯಂತೆ, ವಾಣಿಜ್ಯ ಹಾಗೂ ಕೈಗಾರಿಕಾ ಗ್ರಾಹಕರಿಗೆ ಗರಿಷ್ಠ ಬೇಡಿಕೆಯ ಅವಧಿಯ ದರ ಸಾಮಾನ್ಯ ದರದ 1.20 ಪಟ್ಟಿಗಿಂತ ಕಡಿಮೆ ಇರಬಾರದು; ಸೌರ ವಿದ್ಯುತ್ ಲಭ್ಯವಿರುವ ಹಗಲಿನ ಅವಧಿಯ ದರ ಸಾಮಾನ್ಯ ದರಕ್ಕಿಂತ ಶೇ. 20ರಷ್ಟಾದರೂ ಕಡಿಮೆ ಇರಬೇಕು. ಯಾರಿಗೆ ಯಾವ ಗಂಟೆಗಳಿಗೆ ಯಾವ ದರ ಎಂಬುದನ್ನು ಆಯಾ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗದ ಆದೇಶದಲ್ಲಿ ನೋಡಿಕೊಳ್ಳಬೇಕು. ಕಿಟಕಿಯಿಲ್ಲದ ಕೊಠಡಿಯ ಸಸಿಗೆ ಹೊರಗಿನ ಹಗಲು ರಾತ್ರಿಯ ಅರಿವಿಲ್ಲ. ಆದ್ದರಿಂದ 8 ಗಂಟೆಗಳ ಕತ್ತಲೆಯನ್ನು ಸಂಜೆ 5ರಿಂದ ರಾತ್ರಿ 1ರವರೆಗೆ ಇಟ್ಟರೆ ಸಂಜೆಯ ದುಬಾರಿ ಗಂಟೆಗಳು ತಪ್ಪಿ, ಹಗಲಿನ ಅಗ್ಗದ ಗಂಟೆಗಳು ಪೂರ್ತಿ ಬಳಕೆಯಾಗುತ್ತವೆ. 4 ಕಿಲೋವಾಟ್‌ನ ಕೊಠಡಿಯಲ್ಲಿ ದಿನಕ್ಕೆ 4 ದುಬಾರಿ ಗಂಟೆಗಳನ್ನು ಸಾಮಾನ್ಯ ದರದ ಗಂಟೆಗಳಿಗೆ ಬದಲಿಸಿದರೆ ತಿಂಗಳಿಗೆ 480 ಯೂನಿಟ್‌ಗಳ ಮೇಲೆ ಉಳಿತಾಯ 768 ರೂಪಾಯಿ ಮಾತ್ರ. 40 ಕಿಲೋವಾಟ್‌ನ ಘಟಕಕ್ಕೆ ಅದೇ 7,680 ರೂಪಾಯಿಯಾಗುತ್ತದೆ. ಸಣ್ಣ ಘಟಕಗಳು ಈ ಉಳಿತಾಯವನ್ನು ಹೆಚ್ಚುವರಿ ಲಾಭವೆಂದು ಎಣಿಸಬೇಕೇ ಹೊರತು ಪ್ಯಾನೆಲ್ ಹಾಕಲು ಅದೇ ಮುಖ್ಯ ಕಾರಣವಲ್ಲ. ಸೂರ್ಯನ ಬೆಳಕು ಬೀಳುವ ಪಾಲಿಹೌಸ್‌ಗೆ ಈ ಬದಲಾವಣೆ ಅನ್ವಯಿಸುವುದಿಲ್ಲ.

ತೆರಿಗೆ ಮತ್ತು ವಿಮೆ

2017ರ ಜುಲೈ 1ರಿಂದ ಜಾರಿಯಲ್ಲಿರುವ ಸರಕು ಮತ್ತು ಸೇವಾ ತೆರಿಗೆಯಲ್ಲಿ ಜೀವಂತ ಸಸಿ, ತಾಜಾ ಸೊಪ್ಪು ತರಕಾರಿ, ತಾಜಾ ಹೂವು ಇವುಗಳ ಪೂರೈಕೆಗೆ ವಿನಾಯಿತಿ ಇದೆ. ವಿನಾಯಿತಿ ಪಡೆದ ಪೂರೈಕೆಗಾಗಿ ಬಳಸುವ ಸಾಮಗ್ರಿಯ ಮೇಲೆ ತೆತ್ತ ತೆರಿಗೆಗೆ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ಆದ್ದರಿಂದ ಬೆಳೆಗಾರನಿಗೆ ಪ್ಯಾನೆಲ್ ಮೇಲಿನ ತೆರಿಗೆ ವೆಚ್ಚದ ಭಾಗವೇ ಆಗುತ್ತದೆ. ದರಪಟ್ಟಿಗಳನ್ನು ಹೋಲಿಸುವಾಗ ತೆರಿಗೆ ಸೇರಿದ ಮೊತ್ತವನ್ನೇ ಹೋಲಿಸಬೇಕು. ಪ್ಯಾನೆಲ್ ತಯಾರಿಸಿ ಮಾರುವವರ ಸ್ಥಿತಿ ಬೇರೆ. ಅವರು ತಮ್ಮ ಖರೀದಿಯ ಮೇಲಿನ ಜಮೆಯನ್ನು ನಿಯಮಾನುಸಾರ ಪಡೆಯಬಹುದು. ಹೊಸ ಪ್ಯಾನೆಲ್ ಬಂಡವಾಳ ವೆಚ್ಚ, ಸವೆದ ಕಾಂಟ್ಯಾಕ್ಟರ್ ಬದಲಿಸುವುದು ದುರಸ್ತಿ ವೆಚ್ಚ. ಎರಡನ್ನೂ ಒಂದೇ ಬಿಲ್ಲಿನಲ್ಲಿ ಬೆರೆಸದಿರುವುದು ಲೇಸು.

ವಿಮೆಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. 2021ರ ಏಪ್ರಿಲ್ 1ರಿಂದ ಸಣ್ಣ ಉದ್ಯಮಗಳಿಗೆ, ವಿಮೆಯ ಒಟ್ಟು ಮೌಲ್ಯ 5 ಕೋಟಿ ರೂಪಾಯಿವರೆಗೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ, ಅದರ ಮೇಲೆ 50 ಕೋಟಿವರೆಗೆ ಭಾರತ್ ಲಘು ಉದ್ಯಮ ಸುರಕ್ಷಾ ಎಂಬ ಪಾಲಿಸಿಗಳು ಬಂದಿವೆ. ಬೆಂಕಿ ವಿಮೆಯಲ್ಲಿ, ಅತಿಭಾರ ಅಥವಾ ಶಾರ್ಟ್ ಸರ್ಕ್ಯೂಟ್‌ನಿಂದ ಸುಟ್ಟ ವಿದ್ಯುತ್ ಉಪಕರಣದ ನಷ್ಟವನ್ನೇ ಸಾಮಾನ್ಯವಾಗಿ ಹೊರಗಿಡಲಾಗಿರುತ್ತದೆ; ಅಲ್ಲಿಂದ ಹರಡಿದ ಬೆಂಕಿಯಿಂದ ಇತರ ಆಸ್ತಿಗಾದ ನಷ್ಟ ಪರಿಹಾರದ ವ್ಯಾಪ್ತಿಗೆ ಬರುತ್ತದೆ. ಬೆಂಕಿಯೇ ಇಲ್ಲದೆ, ದೀಪ ಸಮಯಕ್ಕೆ ಹೊತ್ತದ್ದರಿಂದ ಅಕಾಲದಲ್ಲಿ ಅರಳಿದ ಹೂವಿನ ಅಥವಾ ಶಾಖಕ್ಕೆ ಬಾಡಿದ ಸಸಿಯ ನಷ್ಟ ಬೆಂಕಿ ವಿಮೆಯ ವಿಷಯವಲ್ಲ. ಆ ನಷ್ಟಕ್ಕೆ ಉದ್ಯಮಿಯ ಮುನ್ನೆಚ್ಚರಿಕೆಯೇ ವಿಮೆ. ಪಾಲಿಸಿಯ ಹೊರತುಪಡಿಕೆಗಳ ಪುಟವನ್ನು ಒಮ್ಮೆಯಾದರೂ ಪೂರ್ತಿ ಓದುವುದು ಅಗತ್ಯ. ಪರವಾನಗಿದಾರರ ಪರೀಕ್ಷಾ ವರದಿ ಮತ್ತು ಸರ್ಕ್ಯೂಟ್ ನಕ್ಷೆ ಕಡತದಲ್ಲಿದ್ದರೆ ಕ್ಲೇಮ್ ಸಮಯದಲ್ಲಿ ಸಹಾಯವಾಗುತ್ತದೆ.

ಮಾರಾಟಗಾರರ ಹೊಣೆ

ವಿದ್ಯುತ್ ಸಾಮಗ್ರಿಗಳ ವರ್ತಕರು ಟೈಮರ್ ಕೇಳಿ ಬಂದ ಗ್ರಾಹಕರಿಗೆ ಮೂರು ಪ್ರಶ್ನೆಗಳನ್ನು ಕೇಳಬಹುದು: ಯಾವ ಬಗೆಯ ದೀಪ? ಎಷ್ಟು ದೀಪ? ಒಂದು ಫೇಸೋ, ಮೂರು ಫೇಸೋ? ನಾಲ್ಕಾರು ದೀಪಗಳ ಕಪಾಟಾದರೆ ತಯಾರಕರು ನಮೂದಿಸಿದ ಎಲ್‌ಇಡಿ ಮಿತಿಯೊಳಗೆ ಟೈಮರ್ ಒಂದೇ ಸಾಕಾಗಬಹುದು. ಕೊಠಡಿ ತುಂಬ ದೀಪಗಳಿದ್ದರೆ ಕಾಂಟ್ಯಾಕ್ಟರ್ ಇಲ್ಲದೆ ಟೈಮರ್ ಕೊಡುವುದು ಗ್ರಾಹಕರ ಹಿತಕ್ಕೆ ಒಳ್ಳೆಯದಲ್ಲ. ಇದನ್ನು ತಿಳಿಹೇಳಿ ಮಾರಿದವರ ವ್ಯಾಪಾರವೂ ಬೆಳೆಯುತ್ತದೆ, ವಿಶ್ವಾಸವೂ ಉಳಿಯುತ್ತದೆ. ಸಣ್ಣ ಪ್ಯಾನೆಲ್ ತಯಾರಕರಿಗೂ ಇದು ಗಮನ ಕೊಡಬಹುದಾದ ಮಾರುಕಟ್ಟೆ. 4, 8, 12 ಸರ್ಕ್ಯೂಟ್‌ಗಳ ಸಿದ್ಧ ಪ್ಯಾನೆಲ್‌ಗಳನ್ನು ಬ್ಯಾಟರಿಯುಳ್ಳ ಟೈಮರ್, ಥರ್ಮೋಸ್ಟಾಟ್ ಜೋಡಣೆ, ಅವರ್ ಮೀಟರ್ ಹಾಗೂ ಕನ್ನಡದ ಸೂಚನಾ ಫಲಕದೊಂದಿಗೆ ಒದಗಿಸಬಹುದು.

ಈಗಾಗಲೇ ಬೆಳೆಕೋಣೆ ನಡೆಸುತ್ತಿರುವ ಉದ್ಯಮಿಗಳು ಮೊದಲಿಗೆ ಮಾಡಬೇಕಾದ ಕೆಲಸ ಸರಳವಾಗಿದೆ. ಪರವಾನಗಿ ಪಡೆದ ಎಲೆಕ್ಟ್ರಿಷಿಯನ್‌ರನ್ನು ಕರೆಸಿ, ಮುಖ್ಯ ಸ್ವಿಚ್ ಆರಿಸಿ, ಟೈಮರ್‌ನ ಕವಚ ಹಾಗೂ ತಂತಿ ಸೇರುವ ಜಾಗಗಳನ್ನು ನೋಡಿಸಬೇಕು. ಬಣ್ಣ ಕಂದಿದ್ದರೆ, ಪ್ಲಾಸ್ಟಿಕ್ ಸೊಟ್ಟಗಾಗಿದ್ದರೆ ಅಥವಾ ಸುಟ್ಟ ವಾಸನೆ ಬರುತ್ತಿದ್ದರೆ ಆ ಟೈಮರ್ ತನ್ನ ಶಕ್ತಿ ಮೀರಿದ ಭಾರವನ್ನು ಹೊರುತ್ತಿದೆ ಎಂದರ್ಥ. ಅಂತಹ ಕೊಠಡಿಯಲ್ಲಿ ಕಾಂಟ್ಯಾಕ್ಟರ್ ಅಳವಡಿಕೆಯನ್ನು ಮುಂದಿನ ಆರ್ಥಿಕ ವರ್ಷದ ಬಜೆಟ್‌ಗೆ ಮುಂದೂಡದೆ ಆ ವಾರವೇ ಮುಗಿಸಬೇಕು.